ಶಕ್ತಿ ಹತ್ತು ಪಟ್ಟು, ಪರವಾನಗಿ ಮಾತ್ರ ಒಂದೇ

ಭಾನುವಾರ ನಸುಕಿನಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟಿ ನಂದಿಬೆಟ್ಟದತ್ತ ಧಾವಿಸುವ ಕಾರು, ಬೈಕುಗಳ ಆರ್ಭಟ ಯಲಹಂಕದ ನಮ್ಮ ಮನೆಯವರೆಗೂ ಕೇಳಿಸುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಬಳ್ಳಾರಿ ರಸ್ತೆ ವಿಶಾಲವಾಯಿತು, ಅದರ ಮೇಲೆ ಇನ್ನೊಂದು ರಸ್ತೆಯೂ ಎದ್ದಿತು. ಅಂದಿನಿಂದ ಈ ಸದ್ದು ನಮ್ಮ ಪಾಲಿಗೆ ಸುಪ್ರಭಾತವೇ ಆಗಿಬಿಟ್ಟಿದೆ. ಇದನ್ನು ಶಪಿಸುವವರಲ್ಲಿ ನಾನೂ ಒಬ್ಬ. ಆದರೆ ಶಪಿಸುವ ಮುನ್ನ ಒಂದು ತಪ್ಪೊಪ್ಪಿಗೆ ಅಗತ್ಯ: ಅದೇ ರಸ್ತೆ ಖಾಲಿ ಇದ್ದಾಗ ನನ್ನ ಕಾಲೂ ವೇಗವರ್ಧಕವನ್ನು ಅಗತ್ಯಕ್ಕಿಂತ ಬಲವಾಗಿ ಒತ್ತಿದ್ದುಂಟು. ಮೂವತ್ತು ವರ್ಷಗಳಿಂದ ಒಂದೂ ಅಪಘಾತ ಮಾಡದವನು ಎಂಬ ಹಮ್ಮು ನನಗಿತ್ತು.

ಆ ಹಮ್ಮನ್ನು ಇಳಿಸಿದ್ದು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಅಲ್ಲಿ ನಿರ್ಮಿಸಿದ ರೇಸ್ ಪಥದ ಉದ್ದ 3.7 ಕಿಲೋಮೀಟರ್. ಅದಕ್ಕೂ ಮೊದಲು ವೇಗದ ಹುಚ್ಚು ಹತ್ತಿದ ಬೆಂಗಳೂರಿನವರು ಶೋಳಾವರಂಗೆ ಹೋಗುತ್ತಿದ್ದರು. ಎರಡನೆಯ ಮಹಾಯುದ್ಧ ಕಾಲದ ವಿಮಾನಪಥವೇ ಅಲ್ಲಿ ರೇಸಿನ ಅಂಗಳವಾಗಿತ್ತು. ಈಗ ಕೆಲವು ದಿನಗಳಲ್ಲಿ ಹವ್ಯಾಸಿಗಳೂ ಶುಲ್ಕ ತೆತ್ತು ತಮ್ಮ ಕಾರನ್ನು ಪಥದ ಮೇಲೆ ಓಡಿಸಬಹುದು. ಇದಕ್ಕೆ 'ಟ್ರ್ಯಾಕ್ ಡೇ' ಎನ್ನುತ್ತಾರೆ. ಇದು ಪಂದ್ಯವಲ್ಲ, ಗೆಲುವು, ಬಹುಮಾನ ಯಾವುದೂ ಇಲ್ಲ. ಅಂಥದೊಂದು ದಿನಕ್ಕೆ ಅಕ್ಕನ ಮಗ ತನ್ನ ಪೋರ್ಷೆ 911ರೊಂದಿಗೆ ನನ್ನನ್ನೂ ಕರೆದೊಯ್ದ. ನನ್ನ ಮೊದಲ ಕಾರಾದ ಮಾರುತಿ 800ರ ಎಂಜಿನ್ನಿಗೆ ನಲವತ್ತು ಅಶ್ವಶಕ್ತಿಯೂ ಇರಲಿಲ್ಲ. ಅವನ ಕಾರಿಗೆ ನಾನೂರಕ್ಕೂ ಮಿಕ್ಕಿ ಇದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ, ಮಧ್ಯಾಹ್ನ ಅದರ ಚಕ್ರ ನನ್ನ ಕೈಗೆ ಬಂತು.

ಬೆಳಗ್ಗೆ ಮೊದಲು ನಡೆದದ್ದು ಪಾಠ. ಕಾರಿನೊಳಗಿನ ನೀರಿನ ಬಾಟಲಿ, ಚಾಪೆ, ದೇವರ ಚಿಕ್ಕ ವಿಗ್ರಹ ಹೀಗೆ ಸಡಿಲವಾಗಿದ್ದುದನ್ನೆಲ್ಲ ತೆಗೆಸಿದರು. ಟೈರು, ಬ್ರೇಕು ಪರೀಕ್ಷಿಸಿದರು. ಹೆಲ್ಮೆಟ್ ಇಲ್ಲದವರಿಗೆ ಪ್ರವೇಶವಿಲ್ಲ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕಬಾರದು; ಕೆಂಪು ಕಂಡರೆ ನಿಧಾನವಾಗಿ ಹಿಂದಿರುಗಬೇಕು. ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡಬೇಕು. ಮುಂದಿನವನು ಸನ್ನೆ ಮಾಡಿದರಷ್ಟೇ, ಅದೂ ನೇರ ಹಾದಿಯಲ್ಲಿ ಮಾತ್ರ, ಹಿಂದಿಕ್ಕಬೇಕು. ಕೋಟಿ ಬೆಲೆಯ ಕಾರಿನ ಒಡೆಯರು ಶಾಲಾ ಮಕ್ಕಳಂತೆ ಕೈಕಟ್ಟಿ ಕೇಳುತ್ತಿದ್ದರು. ಬೆಂಗಳೂರಿನ ಯಾವ ಸಿಗ್ನಲಿನಲ್ಲೂ ನಾನು ಕಾಣದ ವಿಧೇಯತೆ ಅದು.

"ಮಾವ, ಮೊದಲು ನೇರದಲ್ಲೇ ಬ್ರೇಕ್ ಹಾಕಿ, ಆಮೇಲೆ ತಿರುಗಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ" ಎಂದು ಹುಡುಗ ಎರಡೆರಡು ಸಲ ಹೇಳಿದ್ದ. ತರಬೇತುದಾರರು ಪಕ್ಕದಲ್ಲಿದ್ದ ಮೊದಲ ಸರದಿ ಸುಗಮವಾಗಿಯೇ ಮುಗಿಯಿತು. ಎರಡನೆಯ ಸರದಿಗೆ ಹಳೆಯ ಹಮ್ಮು ಮರಳಿತು. ಒಂದು ತಿರುವಿಗೆ ತಡವಾಗಿ ಬ್ರೇಕ್ ಒತ್ತಿದೆ. ಗಾಬರಿಯಲ್ಲಿ ಅದೇ ಕ್ಷಣ ಚಕ್ರವನ್ನೂ ತಿರುಗಿಸಿದೆ. ಕಾರಿನ ಹಿಂಭಾಗ ಜಾರಿತು. ಕಣ್ಣೆದುರು ಆಕಾಶ, ಪಥ, ಹುಲ್ಲು ಒಮ್ಮೆ ಸುತ್ತಿದವು. ಕಾರು ಬಂದ ದಿಕ್ಕಿಗೇ ಮುಖಮಾಡಿ ಹುಲ್ಲಿನ ಬಯಲಲ್ಲಿ ನಿಂತಿತು. ಆಗಲೇ ಹಳದಿ ಬಾವುಟ ಬೀಸುತ್ತಿತ್ತು. ಹಿಂದೆ ಬರುತ್ತಿದ್ದವರು ವೇಗ ತಗ್ಗಿಸಿದ್ದರು. "ಎಲ್ಲಿ ನೋಡುತ್ತಿದ್ದಿರಿ ಸರ್?" ಎಂದು ತರಬೇತುದಾರರು ಶಾಂತವಾಗಿ ಕೇಳಿದರು. ನಾನು ನೋಡುತ್ತಿದ್ದದ್ದು ಕಾರಿನ ಮೂತಿಯನ್ನು. ನೋಡಬೇಕಿದ್ದದ್ದು ತಿರುವಿನ ಆಚೆಯನ್ನು.

ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ಅದಕ್ಕೆ ನನ್ನ ಚಾಲನೆ ಕಾರಣವಲ್ಲ, ಆ ಜಾಗ ಕಾರಣ. ಅಲ್ಲಿ ರಸ್ತೆ ವಿಭಜಕವಿರಲಿಲ್ಲ, ಬಸ್ ತಂಗುದಾಣವಿರಲಿಲ್ಲ, ಹೂವಿನ ಬುಟ್ಟಿ ಹೊತ್ತು ರಸ್ತೆ ದಾಟುವ ಹೆಣ್ಣುಮಗಳಿರಲಿಲ್ಲ. ಅದೇ ತಪ್ಪನ್ನು ಹುಣಸಮಾರನಹಳ್ಳಿಯ ಬಳಿ ಮಾಡಿದ್ದರೆ? ಗಂಟೆಗೆ 80 ಕಿಲೋಮೀಟರಿನಿಂದ 160ಕ್ಕೆ ಏರಿದಾಗ ವೇಗ ಎರಡರಷ್ಟಾಗುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಮಾತ್ರ ನಾಲ್ಕರಷ್ಟಾಗುತ್ತದೆ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 44 ಮೀಟರ್ ಕ್ರಮಿಸುತ್ತದೆ. ಬೆಚ್ಚಿದ ಮನಸ್ಸು ಕಾಲಿಗೆ ಆಜ್ಞೆ ಕೊಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಮಾರುತಿ 800 ಓಡಿಸಲು ಪಡೆದ ಪರವಾನಗಿಯೇ ಆ ಪೋರ್ಷೆ ಓಡಿಸಲೂ ಸಾಕಾಯಿತಲ್ಲ, ಹೇಗೆ? ನಮ್ಮ ಕಾನೂನಿನ ದೃಷ್ಟಿಯಲ್ಲಿ ಎರಡೂ 'ಲಘು ಮೋಟಾರು ವಾಹನ'ಗಳೇ. ಹದಿನೆಂಟು ತುಂಬಿ ಮೊನ್ನೆ ಪರವಾನಗಿ ಪಡೆದ ಹುಡುಗ ಅಪ್ಪನ ಐನೂರು ಅಶ್ವಶಕ್ತಿಯ ಕಾರನ್ನು ಇಂದೇ ರಸ್ತೆಗಿಳಿಸಬಹುದು. ನಮ್ಮ ಜಕ್ಕೂರಿನ ವಿಮಾನ ತರಬೇತಿ ಶಾಲೆಯನ್ನೇ ನೋಡಿ. ಬೋಧಕರ ಪಕ್ಕದಲ್ಲಿ ಕುಳಿತು ಗಂಟೆಗಟ್ಟಲೆ ಕಲಿಯದವನನ್ನು ಅಲ್ಲಿ ಒಂಟಿಯಾಗಿ ಹಾರಲು ಬಿಡುವುದಿಲ್ಲ. ಕೂಗಳತೆಯ ಬಳ್ಳಾರಿ ರಸ್ತೆಯಲ್ಲಿ ಅಂಥ ವಿವೇಕವೇ ಇಲ್ಲ.

ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟುವವರಿಗೆ ಮೋಟಾರು ವಾಹನ ಕಾಯ್ದೆಯ 189ನೇ ವಿಧಿಯಲ್ಲಿ ಶಿಕ್ಷೆಯಿದೆ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ವಿಧಿಸಬಹುದು. ಕೋಟಿ ರೂಪಾಯಿ ಕಾರಿನವನಿಗೆ ಈ ದಂಡ ಒಂದು ಸಲದ ಪೆಟ್ರೋಲಿನ ಖರ್ಚು. ಅಲ್ಲದೆ ಶಿಕ್ಷೆ ತಪ್ಪು ನಡೆದ ಮೇಲಿನ ಮಾತು. ಯುರೋಪಿನಲ್ಲಿ ಬೈಕ್ ಪರವಾನಗಿಯನ್ನು ಹಂತಹಂತವಾಗಿ ಕೊಡುತ್ತಾರೆ. ನಡುವಿನ ಹಂತದವರಿಗೆ 35 ಕಿಲೋವ್ಯಾಟ್ ಶಕ್ತಿಯ ಮಿತಿಯಿದೆ. ಇಟಲಿಯಲ್ಲಿ ಹೊಸ ಕಾರು ಚಾಲಕರಿಗೂ ಎಂಜಿನ್ ಶಕ್ತಿಯ ಮಿತಿ ಉಂಟು. ಇಂಥ ವ್ಯವಸ್ಥೆ ನಮಗೂ ಬೇಕು. ನಿಗದಿತ ಶಕ್ತಿ ಮೀರಿದ ಕಾರು, ಬೈಕುಗಳಿಗೆ ಪ್ರತ್ಯೇಕ ಪರವಾನಗಿ ಇರಲಿ. ಮುಚ್ಚಿದ ಪಥದಲ್ಲಿ ತರಬೇತಿ ಪಡೆದವರಿಗಷ್ಟೇ ಅದು ಸಿಗಲಿ. ಕಾಯ್ದೆ ಕೇಂದ್ರದ್ದು, ನಿಜ; ಆದರೆ ಒತ್ತಾಯಿಸಲು ರಾಜ್ಯಕ್ಕೆ ಯಾವ ಅಡ್ಡಿಯೂ ಇಲ್ಲ.

'ಹಾಗಾದರೆ ಮೊದಲು ಬೆಂಗಳೂರಿಗೊಂದು ರೇಸ್ ಪಥ ಕೊಡಿ' ಎಂದು ಗೆಳೆಯರು ವಾದಿಸುತ್ತಾರೆ. ಆ ಬೇಡಿಕೆಗೆ ದನಿಗೂಡಿಸಲು ನನಗೆ ಮನಸ್ಸಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತಮ್ಮ 1,777 ಎಕರೆ ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದರು. ಸರ್ಕಾರ 2025ರ ಜುಲೈಯಲ್ಲಿ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಕೈಗಾರಿಕೆಗೇ ಬಿಡಲೊಲ್ಲದ ಆ ನೆಲವನ್ನು ನಮ್ಮ ಹವ್ಯಾಸಕ್ಕೆ ಕೇಳುವುದು ಧಾರ್ಷ್ಟ್ಯ. ಗ್ರೇಟರ್ ನೋಯ್ಡಾದಲ್ಲಿ ಅದ್ದೂರಿ ಪಥ ಕಟ್ಟಿ, 2011ರಿಂದ 2013ರವರೆಗೆ ಮೂರೇ ಬಾರಿ ಫಾರ್ಮುಲಾ ಒನ್ ಪಂದ್ಯ ನಡೆಸಿ ನಿಲ್ಲಿಸಿದ್ದನ್ನೂ ಕಂಡಿದ್ದೇವೆ. ಚೆನ್ನೈ, ಕೊಯಮತ್ತೂರುಗಳಲ್ಲಿ ಪಥಗಳಿವೆ. ಕೋಟಿ ಕೊಟ್ಟು ಕಾರು ಕೊಂಡವನಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರವಲ್ಲ. ಬೈಕಿನ ಹುಡುಗರಿಗೆ ಆ ಖರ್ಚು ಭಾರವಾಗಬಹುದು. ಅವರಿಗಾಗಿ ಇಲ್ಲಿಯೇ ಸಣ್ಣ ತರಬೇತಿ ಅಂಗಳ ಸಾಕು. ದೊಡ್ಡ ಪಥ ಬೇಕಿಲ್ಲ.

ವೇಗದ ಆಸೆ ಪಾಪವಲ್ಲ. ಅದರ ಸುಖವನ್ನು ನಾನೂ ಉಂಡಿದ್ದೇನೆ, ಸುಳ್ಳು ಹೇಳಲಾರೆ. ಆದರೆ ಅಲ್ಲಿ ನನ್ನ ತಪ್ಪಿನ ಬೆಲೆಯನ್ನು ನಾನೇ ತೆರುವಂತೆ ಎಲ್ಲವನ್ನೂ ಅಣಿಗೊಳಿಸಿದ್ದರು. ರಸ್ತೆಯಲ್ಲಿ ಆ ಬೆಲೆ ತೆರುವವರು ಬೇರೆಯವರು. ಮೊನ್ನೆ ಭಾನುವಾರ ವಿಮಾನ ನಿಲ್ದಾಣಕ್ಕೆ ಹೋಗುವಾಗ ರಸ್ತೆ ಖಾಲಿಯಿತ್ತು. ಎಡಗಡೆಯ ಸಾಲು ಹಿಡಿದು ನಿಧಾನವಾಗಿ ಹೋದೆ. ಹಿಂದಿನಿಂದ ಒಬ್ಬ ದೀಪ ಮಿನುಗಿಸಿ, ಹಾರನ್ ಬಾರಿಸಿ, ಬೈಯುತ್ತಲೇ ಮುಂದೆ ಹೋದ. ಅವನಲ್ಲಿಯೂ ಇರುವುದು ನನ್ನಂಥದೇ ಪರವಾನಗಿ.