ಔರಾದ್‌ನ ಮಕ್ಕಳು ಮುಂದೆ ಬಂದರಾ, ಪಾಸಿನ ಗೆರೆ ಹಿಂದೆ ಸರಿಯಿತಾ?

ಬೀದರ್ ನಗರದಲ್ಲಿ ರೂಮು ಮಾಡ್ಕೊಂಡು ಪಿಯುಸಿ ಓದ್ತಿರೋ ಔರಾದ್ ಕಡೆಯ ಪರಿಚಯದ ಹುಡುಗಿಯೊಬ್ಬಳು ವಾಟ್ಸ್ಯಾಪ್‌ನಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕವೊಂದರ ಫೋಟೋ ಕಳಿಸಿದ್ದಳು. "ಅಣ್ಣಾ, ಇದು ಹ್ಯಾಂಗ್ ಮಾಡೋದು?" ಅಂತ ಕೆಳಗೊಂದು ಸಾಲು. ಲೆಕ್ಕ ಹೀಗಿತ್ತು: 1,000 ವಿದ್ಯಾರ್ಥಿಗಳ ಅಂಕಗಳು ಪ್ರಸಾಮಾನ್ಯ ವಿತರಣೆಯಲ್ಲಿವೆ. ಸರಾಸರಿ 40, ಮಾನಕ ವಿಚಲನೆ 10. ಪಾಸಾಗಲು 35 ಬೇಕಾದರೆ ಫೇಲಾದವರು ಎಷ್ಟು?

ಎಂಜಿನಿಯರಿಂಗ್‌ನಲ್ಲಿ ಇಂಥ ಲೆಕ್ಕಗಳನ್ನು ನಾನು ಹತ್ತಾರು ಮಾಡಿದ್ದೆ. ಕೋಷ್ಟಕ ನೋಡು, ಉತ್ತರ ಬರಿ, ಮುಂದಿನ ಪ್ರಶ್ನೆಗೆ ಹೋಗು. ಆ 1,000 ವಿದ್ಯಾರ್ಥಿಗಳು ಯಾವ ಊರಿನವರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆದರೆ ಈಗ ರಾಜ್ಯ ಸರ್ಕಾರ ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸಿದೆ. ಹಾಗಾಗಿ ಆ ಹುಡುಗಿಯ ಲೆಕ್ಕ ಪುಸ್ತಕದಿಂದ ಎದ್ದು ಬಂದು ನಮ್ಮ ಜಿಲ್ಲೆಯ ಲೆಕ್ಕವಾಗಿದೆ.

2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಘೋಷಿಸಿದ ಹೊಸ ನಿಯಮ ನಿಮಗೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 206, ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 198 ಬಂದರೆ ಪಾಸ್. ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ 30 ಇರಬೇಕು. ಸಿಬಿಎಸ್‌ಇಯಲ್ಲೂ 33 ಇದೆ, ನಮ್ಮ ಮಕ್ಕಳಿಗೇಕೆ ಅನ್ಯಾಯ ಅನ್ನೋದು ವಾದ. ವಾದ ತಪ್ಪೇನಲ್ಲ. ನನ್ನ ಪ್ರಶ್ನೆ ಬೇರೆ: ಗೆರೆ ಇಳಿಸಿದ ಮೇಲೆ ಏರುವ ಫಲಿತಾಂಶವನ್ನು ನಾವು ಹೇಗೆ ಓದಬೇಕು?

ಎರಡು ಅಂಕ, ಎರಡು ಜಿಲ್ಲೆ

ಮೊದಲು ಹುಡುಗಿಯ ಲೆಕ್ಕ ಮುಗಿಸೋಣ. ಪ್ರಸಾಮಾನ್ಯ ವಿತರಣೆ ಅಂದ್ರೆ ಗಂಟೆಯಾಕಾರದ ಆ ರೇಖೆ. ಹೆಚ್ಚಿನವರು ಸರಾಸರಿಯ ಸುತ್ತಮುತ್ತ, ತುಂಬಾ ಕಡಿಮೆ ಮತ್ತು ತುಂಬಾ ಹೆಚ್ಚು ಅಂಕದವರು ಎರಡೂ ತುದಿಯಲ್ಲಿ ಬೆರಳೆಣಿಕೆಯಷ್ಟು. ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನೋದರ ಅಳತೆಯೇ ಮಾನಕ ವಿಚಲನೆ. ಸರಾಸರಿಯಿಂದ ಎರಡೂ ಕಡೆ ಒಂದೊಂದು ಮಾನಕ ವಿಚಲನೆಯೊಳಗೆ ಸುಮಾರು ಶೇ. 68, ಎರಡೆರಡರೊಳಗೆ ಸುಮಾರು ಶೇ. 95ರಷ್ಟು ಮಂದಿ ಇರ್ತಾರೆ.

ಮಾಡಬೇಕಾದ್ದು ಇಷ್ಟೇ: ಗೆರೆಯಿಂದ ಸರಾಸರಿ ಕಳೆಯಿರಿ, ಮಾನಕ ವಿಚಲನೆಯಿಂದ ಭಾಗಿಸಿ. 35ರಲ್ಲಿ 40 ಕಳೆದರೆ ಮೈನಸ್ 5. 10ರಿಂದ ಭಾಗಿಸಿದರೆ ಮೈನಸ್ 0.5. ಇದೇ ಝಡ್ ಅಂಕ. ಕೋಷ್ಟಕದ ಪ್ರಕಾರ ಅದಕ್ಕಿಂತ ಕೆಳಗಿರುವವರು ಶೇ. 30.85. ಅಂದ್ರೆ 1,000ಕ್ಕೆ ಸುಮಾರು 309 ಮಂದಿ ಫೇಲ್, 691 ಮಂದಿ ಪಾಸ್.

ಈಗ ಗೆರೆಯನ್ನು 33ಕ್ಕೆ ತನ್ನಿ. ಝಡ್ ಅಂಕ ಮೈನಸ್ 0.7 ಆಗುತ್ತೆ. ಫೇಲಾದವರು 242, ಪಾಸಾದವರು 758. ಒಬ್ಬನೇ ಒಬ್ಬ ಹುಡುಗ ಒಂದಕ್ಷರ ಹೆಚ್ಚು ಕಲಿಯದೆ 67 ಮಂದಿ ಪಾಸಾದರು. ಶೇಕಡಾವಾರು ಫಲಿತಾಂಶ 69ರಿಂದ 76ರ ಹತ್ತಿರಕ್ಕೆ ಜಿಗಿಯಿತು.

ಇನ್ನೊಂದು ಜಿಲ್ಲೆ ಊಹಿಸಿಕೊಳ್ಳಿ. ಅಲ್ಲಿ ಸರಾಸರಿ 60, ಮಾನಕ ವಿಚಲನೆ 15. 35ರ ಗೆರೆಗೆ 1,000ದಲ್ಲಿ ಸುಮಾರು 48 ಮಂದಿ ಫೇಲ್. 33ರ ಗೆರೆಗೆ 36. ಅದೇ ಎರಡು ಅಂಕದ ರಿಯಾಯಿತಿ, ಆದರೆ ಇಲ್ಲಿ ಹೆಚ್ಚುವರಿ ಪಾಸಾದವರು ಬರೀ 12.

ಮೊದಲ ಜಿಲ್ಲೆಗೆ 67, ಎರಡನೆಯದಕ್ಕೆ 12. ಯಾಕೆ ಹೀಗೆ? ಮೊದಲ ಜಿಲ್ಲೆಯಲ್ಲಿ ಗೆರೆ ಬಿದ್ದಿರೋದು ಗಂಟೆಯ ಹೊಟ್ಟೆಯ ಮೇಲೆ, ಜನ ಕಿಕ್ಕಿರಿದಿರುವ ಕಡೆ. ಎರಡನೆಯದರಲ್ಲಿ ಗೆರೆ ಬಿದ್ದಿರೋದು ಬಾಲದ ಮೇಲೆ. ಜಾತ್ರೆಯ ನಡುವೆ ಹಗ್ಗ ಎರಡಡಿ ಸರಿಸಿದರೆ ನೂರು ಜನ ಒಳಗೆ ಬರ್ತಾರೆ. ಊರಾಚೆ ಸರಿಸಿದರೆ ನಾಲ್ಕು ಜನ.

ನಾಳೆಯ ಹೆಡ್‌ಲೈನ್ ಇವತ್ತೇ ಬರೆಯಬಹುದು

ಸರಾಸರಿ ಪಾಸಿನ ಗೆರೆಯ ಹತ್ತಿರ ಇರುವ ಜಿಲ್ಲೆಗಳು ಯಾವುವು ಅಂತ ಹೇಳಬೇಕಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲು, ಯಾದಗಿರಿ ಶೇ. 50.59ರೊಂದಿಗೆ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕೊನೆಯ ಕಲಬುರಗಿ ಶೇ. 42.43. ಬೀದರ್ ಕೂಡ ಕೆಳಗಿನ ಸಾಲಿನಲ್ಲೇ ಇತ್ತು.

ಹಾಗಾಗಿ ಹೊಸ ಗೆರೆಯಿಂದ ಅತಿ ಹೆಚ್ಚು 'ಪ್ರಗತಿ' ಕಾಣೋದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ. "ಹಿಂದುಳಿದ ಜಿಲ್ಲೆಗಳ ಭಾರೀ ಜಿಗಿತ" ಅನ್ನೋ ಹೆಡ್‌ಲೈನ್ ಬರುತ್ತೆ. ಆಡಳಿತದಲ್ಲಿರುವವರು ಹಾರ ಹಾಕಿಸ್ಕೊಳ್ತಾರೆ, ಅಧಿಕಾರಿಗಳು ತಮ್ಮ 'ವಿಶೇಷ ತರಗತಿ'ಗಳ ಫಲ ಅಂತಾರೆ. ಆ ಜಿಗಿತದಲ್ಲಿ ಪಾಠದ ಪಾಲೆಷ್ಟು, ಹಗ್ಗ ಸರಿದ ಪಾಲೆಷ್ಟು ಅಂತ ಯಾರೂ ಕೇಳಲ್ಲ.

ಇದು ಮೊದಲ ಸಲವೂ ಅಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು; ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಬಂದಿದ್ದು ಶೇ. 73.40. 2025ರಲ್ಲಿ ಆ ಕೃಪಾಂಕವೂ ಹೋಯಿತು. ಪರೀಕ್ಷೆ-1ಕ್ಕೆ ಕೂತ 8,42,173 ಮಂದಿಯಲ್ಲಿ ಪಾಸಾದವರು 5,24,984, ಅಂದ್ರೆ ಶೇ. 62.34. ಮೂರು ವರ್ಷ, ಮೂರು ಬೇರೆ ಬೇರೆ ಅಳತೆಗೋಲು. ಈಗ ನಾಲ್ಕನೆಯದು. ಪ್ರತಿ ವರ್ಷ ಟೇಪು ಬದಲಾಯಿಸಿ ಮಗುವಿನ ಎತ್ತರ ಅಳೆದು, ಬೆಳೀತು, ಕುಗ್ಗಿತು ಅಂತ ಜಗಳಾಡ್ತಿದ್ದೇವೆ.

ಲೆಕ್ಕವನ್ನು ತಿರುಗಿಸಿ ಮಾಡಿದರೆ

ಇದೇ ಕೋಷ್ಟಕವನ್ನು ಹಿಂದಿನಿಂದಲೂ ಓದಬಹುದು. ಪಾಸಾದವರ ಪ್ರಮಾಣ ಗೊತ್ತಿದ್ದರೆ, ಸರಾಸರಿ ಗೆರೆಯಿಂದ ಎಷ್ಟು ದೂರ ಇದೆ ಅಂತ ಅಂದಾಜು ಸಿಗುತ್ತೆ. ಶೇ. 91.12 ಪಾಸ್ ಅಂದ್ರೆ ಸರಾಸರಿ ಗೆರೆಗಿಂತ 1.35 ಮಾನಕ ವಿಚಲನೆ ಮೇಲಿದೆ. ಶೇ. 42.43 ಅಂದ್ರೆ 0.19ರಷ್ಟು ಕೆಳಗಿದೆ. ನಡುವಿನ ಅಂತರ 1.54. ಎರಡೂ ಕಡೆ ಮಾನಕ ವಿಚಲನೆ 12 ಅಂತಿಟ್ಟುಕೊಂಡರೆ, ಸರಾಸರಿಯ ವ್ಯತ್ಯಾಸ ನೂರಕ್ಕೆ ಸುಮಾರು 18 ಅಂಕ.

ಇದು ಸರಳೀಕರಿಸಿದ ಲೆಕ್ಕ. ಒಂದೇ ವಿಷಯದಲ್ಲಿ ಎಡವಿ ಫೇಲಾಗುವವರನ್ನು ಇಲ್ಲಿ ಪ್ರತ್ಯೇಕವಾಗಿ ಹಿಡಿದಿಲ್ಲ. ಆದರೂ ದಿಕ್ಕು ಸ್ಪಷ್ಟ. ಕಾಗದದ ಮೇಲೆ ಸುಮಾರು 49 ಅಂಶದ ಕಂದಕ ಅಂತ ಕಾಣೋದು ಕಲಿಕೆಯಲ್ಲಿ 18 ಅಂಕದ ಅಂತರವಿರಬಹುದು. ಅದು ದೊಡ್ಡದೇ, ಆದರೆ ಹುಟ್ಟಿನಿಂದ ಬಂದದ್ದಲ್ಲ. ಗಣಿತ, ಇಂಗ್ಲಿಷ್, ವಿಜ್ಞಾನಕ್ಕೆ ಜೂನ್‌ನಿಂದ ಮಾರ್ಚ್‌ವರೆಗೆ ಕಾಯಂ ಮೇಷ್ಟ್ರು ಇದ್ದರೆ ತುಂಬಿಕೊಳ್ಳಬಹುದಾದ ಅಂತರ. "ಆ ಕಡೆ ಮಕ್ಕಳೇ ಹಾಂಗ್ರೀ" ಅನ್ನೋರಿಗೆ ಈ ಲೆಕ್ಕ ತೋರಿಸಬೇಕು.

ನೀಟ್‌ನ ಬೀದರ್, ಎಸ್ಸೆಸ್ಸೆಲ್ಸಿಯ ಬೀದರ್

ಬೀದರ್‌ನವರಿಗೆ ಇನ್ನೊಂದು ಒಗಟಿದೆ. ಶಾಹೀನ್‌ನಂಥ ಸಂಸ್ಥೆಗಳಿಂದಾಗಿ ನೀಟ್ ತಯಾರಿಗೆ ದೇಶದ ಹಲವು ರಾಜ್ಯಗಳ ಮಕ್ಕಳು ಈ ನಗರಕ್ಕೆ ಬರ್ತಾರೆ. ಊರ ತುಂಬ ವೈದ್ಯಕೀಯ ಸೀಟು ಪಡೆದವರ ಫ್ಲೆಕ್ಸ್‌ಗಳು. ಅದೇ ಜಿಲ್ಲೆ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಕೆಳಗೆ. ಇದು ಹೇಗೆ?

ಮೊದಲ ಉತ್ತರ ಸುಲಭ: ಹೊರಗಿಂದ ಬಂದು ಓದುವವರ ಫಲಿತಾಂಶ ಜಿಲ್ಲೆಯ ಹತ್ತನೇ ತರಗತಿಯ ಕನ್ನಡಿಯಾಗಲ್ಲ. ಎರಡನೆಯದು ಗಂಟೆಯ ರೇಖೆಯಲ್ಲೇ ಇದೆ. ತಲಾ 10,000 ಮಕ್ಕಳ ಎರಡು ಪ್ರದೇಶ ತಗೊಳ್ಳಿ. ಮೊದಲನೆಯದರ ಸರಾಸರಿ 50, ಮಾನಕ ವಿಚಲನೆ 10. ಎರಡನೆಯದರ ಸರಾಸರಿ 45, ಮಾನಕ ವಿಚಲನೆ 15. 85ಕ್ಕಿಂತ ಹೆಚ್ಚು ಪಡೆದವರು ಮೊದಲ ಕಡೆ ಬರೀ 2 ಮಂದಿ. ಸರಾಸರಿ ಕಡಿಮೆ ಇರುವ ಎರಡನೇ ಕಡೆ ಸುಮಾರು 38 ಮಂದಿ! ಆದರೆ 35ಕ್ಕಿಂತ ಕೆಳಗೆ? ಮೊದಲ ಕಡೆ ಸುಮಾರು 670, ಎರಡನೇ ಕಡೆ ಸುಮಾರು 2,500.

ಅಂದ್ರೆ ಫ್ಲೆಕ್ಸ್‌ನಲ್ಲಿ ಮುಖ ಹೆಚ್ಚಿರುವ ಊರಿನಲ್ಲೇ ಫೇಲಾದವರೂ ಹೆಚ್ಚಿರಬಹುದು. ಇದರಲ್ಲಿ ವಿರೋಧಾಭಾಸ ಏನೂ ಇಲ್ಲ. ಹರಡುವಿಕೆ ಹೆಚ್ಚು ಅಂದ್ರೆ ಅಸಮಾನತೆ ಹೆಚ್ಚು ಅಂತಲೇ ಅರ್ಥ.

ಗಂಟೆಯೇ ಇಲ್ಲದ ಕಡೆ

ಇಲ್ಲಿಯವರೆಗೆ ಅಂಕಗಳು ಗಂಟೆಯಾಕಾರದಲ್ಲೇ ಇವೆ ಅಂತ ನಂಬಿ ಬಂದೆವು. ಪಠ್ಯದಲ್ಲಿ ಆ ಷರತ್ತನ್ನು ಮೊದಲ ಸಾಲಲ್ಲೇ ಕೊಟ್ಟುಬಿಡ್ತಾರೆ. ಔರಾದ್ ಅಂಥ ಷರತ್ತು ಕೊಡಲ್ಲ.

ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ತಾಗಿಕೊಂಡ ತಾಲ್ಲೂಕು ಅದು. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ, ತಾಂಡಾಗಳಿವೆ. ಹೈದರಾಬಾದ್‌ಗೋ ಪುಣೆಗೋ ದುಡಿಯಲು ಹೋಗುವ ಅಪ್ಪ-ಅಮ್ಮನ ಹಿಂದೆ ಅರ್ಧ ವರ್ಷ ಅಲೆಯುವ ಮಗು, ವಸತಿ ಶಾಲೆಯಲ್ಲಿ ನಿಯಮಿತವಾಗಿ ಓದುವ ಮಗು, ಇಬ್ಬರೂ ಒಂದೇ ಪಟ್ಟಿಯಲ್ಲಿ ಬರ್ತಾರೆ. ಊಹೆಗೆ ಹೇಳ್ತೀನಿ: ಅರ್ಧ ಮಕ್ಕಳ ಸರಾಸರಿ 30, ಮಾನಕ ವಿಚಲನೆ 6, ಇನ್ನರ್ಧದ್ದು 62 ಮತ್ತು 8. ಎಲ್ಲರನ್ನೂ ಸೇರಿಸಿದರೆ ಸರಾಸರಿ 46, ಮಾನಕ ವಿಚಲನೆ ಸುಮಾರು 17.5. ಈ ಎರಡು ಸಂಖ್ಯೆ ಹಿಡಿದು ಗಂಟೆಯ ಲೆಕ್ಕ ಮಾಡಿದರೆ 35ಕ್ಕಿಂತ ಕೆಳಗೆ ಸುಮಾರು ಶೇ. 26 ಅಂತ ಬರುತ್ತೆ. ಗುಂಪುಗಳನ್ನು ಬೇರೆ ಬೇರೆ ಎಣಿಸಿದರೆ ಸಿಗೋದು ಸುಮಾರು ಶೇ. 40.

ಶೇ. 14ರಷ್ಟು ಮಕ್ಕಳು ಸರಾಸರಿಯ ಹಿಂದೆ ಮಾಯ! ಆ 46 ಅಂಕದ 'ಸರಾಸರಿ ವಿದ್ಯಾರ್ಥಿ' ಆ ತಾಲ್ಲೂಕಲ್ಲಿ ಹುಡುಕಿದರೂ ಸಿಗೋದು ಅಪರೂಪ. ರೇಖೆಗೆ ಒಂಟೆಯ ಹಾಗೆ ಎರಡು ಡುಬ್ಬ ಇದೆ. ನಾವು ಮಾತ್ರ ಗಂಟೆ ಬಾರಿಸ್ತಾ ಕೂತಿದ್ದೇವೆ.

ಗೆರೆಯ ಪಕ್ಕದ ಮಗು, ಗೆರೆಯಿಂದ ದೂರದ ಮಗು

ಗೆರೆಗೆ ಮಾತ್ರ ಬೆಲೆ ಕೊಡುವ ವ್ಯವಸ್ಥೆ ಮೇಷ್ಟ್ರನ್ನೂ ಬದಲಾಯಿಸುತ್ತೆ. ಮತ್ತೆ ಹುಡುಗಿಯ ಲೆಕ್ಕಕ್ಕೇ ಬನ್ನಿ. ಸರಾಸರಿ 40, ವಿಚಲನೆ 10 ಇರುವಲ್ಲಿ 25ರಿಂದ 35ರ ನಡುವೆ 1,000ಕ್ಕೆ ಸುಮಾರು 242 ಮಕ್ಕಳು. 25ಕ್ಕಿಂತ ಕೆಳಗೆ ಸುಮಾರು 67. ಫಲಿತಾಂಶ ಏರಿಸಿ ಅಂತ ಮೇಲಿಂದ ಒತ್ತಡ ಬಂದಾಗ ಯಾರ ಮೇಲೆ ಶ್ರಮ ಹಾಕೋದು ಲಾಭ? ಆ 242ರ ಮೇಲೆ. 'ಪಾಸಿಂಗ್ ಪ್ಯಾಕೇಜ್' ಅನ್ನೋದು ಹುಟ್ಟಿದ್ದೇ ಅವರಿಗಾಗಿ. ಇಪ್ಪತ್ತು ಅಂಕದ ಮಗುವನ್ನು ಇಪ್ಪತ್ತೊಂಬತ್ತಕ್ಕೆ ತಂದ ಮೇಷ್ಟ್ರಿಗೆ ಪಟ್ಟಿಯಲ್ಲಿ ಸಿಗೋದು ಸೊನ್ನೆ. ಮೂವತ್ನಾಲ್ಕನ್ನು ಮೂವತ್ತೈದು ಮಾಡಿದವರಿಗೆ ಶಹಬ್ಬಾಸ್.

ಗೆರೆ ಇಳಿಸಿದ್ದಕ್ಕೆ ನನ್ನ ವಿರೋಧ ಇಲ್ಲ. 34 ಅಂಕ ತೆಗೆದ ಹುಡುಗಿಗೆ ಫೇಲ್ ಅಂತ ಮುದ್ರೆ ಬಿದ್ದರೆ ನಮ್ಮ ಹಳ್ಳಿಗಳಲ್ಲಿ ಮುಂದೇನಾಗುತ್ತೆ ಅಂತ ಗೊತ್ತು: ಮದುವೆ, ಇಲ್ಲಾ ಕೂಲಿ. ಅವಳಿಗೆ ಕಾಲೇಜಿನ ಬಾಗಿಲು ತೆರೆದರೆ ಒಳ್ಳೇದೇ. ಆದರೆ ಬಾಗಿಲು ಅಗಲ ಮಾಡಿದ್ದನ್ನು ಮಕ್ಕಳು ಎತ್ತರ ಬೆಳೆದರು ಅಂತ ಮಾರಬಾರದು. ಯಾಕಂದ್ರೆ ಹಾಗೆ ನಂಬಿದ ಮರುದಿನವೇ ಮೇಷ್ಟ್ರ ನೇಮಕಾತಿಯ ತುರ್ತು ಕಡಿಮೆಯಾಗುತ್ತೆ.

ಹಾಗಾಗಿ ಬೇಡಿಕೆ ಸರಳ. ಹೊಸ ಗೆರೆಯ ಫಲಿತಾಂಶ ಪ್ರಕಟಿಸುವಾಗ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎರಡು ಸಂಖ್ಯೆ ಕೊಡಲಿ: ಹೊಸ ನಿಯಮಕ್ಕೆ ಎಷ್ಟು, ಹಳೇ ನಿಯಮಕ್ಕೆ ಎಷ್ಟು. ಜೊತೆಗೆ ಪ್ರತಿ ತಾಲ್ಲೂಕಿನ ಸರಾಸರಿ, ಮಾನಕ ವಿಚಲನೆ, ಹತ್ತತ್ತು ಅಂಕದ ಅಂತರದಲ್ಲಿ ಮಕ್ಕಳ ಸಂಖ್ಯೆ. ಅಂಕಗಳೆಲ್ಲ ಕಂಪ್ಯೂಟರ್‌ನಲ್ಲೇ ಇವೆ. ಇದು ಒಂದು ಮಧ್ಯಾಹ್ನದ ಕೆಲಸ. ಆಗ ಔರಾದ್‌ನಲ್ಲಿ ಎಷ್ಟು ಡುಬ್ಬ, ಭಾಲ್ಕಿಯಲ್ಲಿ ಗೆರೆ ಎಲ್ಲಿ ಬಿದ್ದಿದೆ, ಬೀದರ್ ನಗರದ ಹರಡುವಿಕೆ ಎಷ್ಟು ಅಂತ ಎಲ್ಲರಿಗೂ ಕಾಣುತ್ತೆ.

ಭಾಲ್ಕಿ ಅಂದಾಗ ಡಾ. ಚನ್ನಬಸವ ಪಟ್ಟದ್ದೇವರು ನೆನಪಾಗ್ತಾರೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಮಠಾಧೀಶರು. ಅಂದು ಬೋರ್ಡ್ ಏನೇ ಹೇಳಲಿ, ಒಳಗಿನ ಪಾಠ ನಿಜವಾಗಿತ್ತು. ಇಂದು ನಮ್ಮ ಬೋರ್ಡ್ ಮೇಲೆ ಶೇಕಡಾವಾರು ಥಳಥಳಿಸಬಹುದು. ಒಳಗೆ ಹೋಗಿ ಪಾಠ ನಡೀತಿದೆಯಾ ಅಂತ ನೋಡೋರು ಬೇಕು.

ಹುಡುಗಿಗೆ ಉತ್ತರ ಕಳಿಸಿದೆ: 309. ಸ್ವಲ್ಪ ಹೊತ್ತಿಗೆ ಅವಳ ಮೆಸೇಜ್ ಬಂತು: "ಅಣ್ಣಾ, 33 ಆದ್ರ ಎಷ್ಟು?" ಪ್ರಶ್ನೆ ಅವಳಿಗೂ ಅರ್ಥವಾಗಿದೆ. ಇನ್ನು ಅರ್ಥವಾಗಬೇಕಾದವರು ಬೆಂಗಳೂರಲ್ಲಿದ್ದಾರೆ.