ಎಲಿ ತಿಂದ್ರ ತಿನ್ಲಿ ಬಿಡ್ರಿ

ನಾವು ಇಲ್ಲೆ ಇಲಿನಾಯ್‌ದಾಗ ಮನಿ ಮಾಡ್ಕೊಂಡಿರೋ ಹೆಣ್ಣುಮಕ್ಕಳು ಹಿತ್ತಲದಾಗ ಏನೇನು ಬೆಳೀತೀವಿ ನೋಡ್ರಿ. ಮೆಂತ್ಯ, ಕೋತಂಬ್ರಿ, ತುಳಸಿ. ಕರಿಬೇವಿನ ಕುಂಡನ್ನ ಥಂಡಿ ಶುರು ಆಗೂದ್ರೊಳಗ ಕೂಸಿನಗತೆ ಎತ್ತಿ ಒಳಗ ತರ್ತೀವಿ. ಎಲ್ಲಾ ನಮ್ಮ ಊರಿನವು. ಈ ನೆಲದ ಗಿಡ ಒಂದರೆ ಹಚ್ಚೀವೇನು? ಪ್ರತಿ ಮನಿಯಾಗ ಒಂದರೆ ಇರಲೇಬೇಕು ಅನ್ನಾಕಿ ನಾನು. ಯಾವ್ದು ಅಂತ ಕೇಳಿದ್ರ, ಬಟರ್‌ಫ್ಲೈ ಮಿಲ್ಕ್‌ವೀಡ್.

ವೀಡ್ ಅಂದ್ರ ಕಸ ಅಂತ ಮೂಗು ಮುರೀಬ್ಯಾಡ್ರಿ. ಇದು ನಮ್ಮ ಎಕ್ಕಿ ಗಿಡದ ಬಳಗ. ಶನಿವಾರ ಹಣಮಪ್ಪಗ ಹಾರ ಹಾಕ್ತೀವಲ್ಲ, ರಥಸಪ್ತಮಿಗೆ ಏಳು ಎಲಿ ಇಟ್ಕೊಂಡು ಎರ್ಕೋತೀವಲ್ಲ, ಅದ ಎಕ್ಕಿ. ಎಕ್ಕಿ ಎಲಿ ತಿನ್ನೂ ಪಟ್ಟಿಪಟ್ಟಿ ಹುಳ ಊರಾಗ ನೀವೆಲ್ಲಾ ನೋಡೀರಿ. ಅದು ಮುಂದ ಕೇಸರಿ ಬಣ್ಣದ ಪಾತರಗಿತ್ತಿ ಆಗ್ತದ. ಇಲ್ಲಿ ಮೊನಾರ್ಕ್ ಪಾತರಗಿತ್ತಿ ಅದಕ್ಕ ಅಕ್ಕ-ತಂಗಿ ಇದ್ದಂಗ. ಮೊನಾರ್ಕಿನ ಹುಳಕ್ಕ ಈ ಮಿಲ್ಕ್‌ವೀಡ್ ಜಾತಿ ಎಲಿ ಬಿಟ್ರ ಬ್ಯಾರೆ ಊಟನ ಇಲ್ಲ.

ಈ ರಾಜ್ಯಕ್ಕ ಪ್ರೇರಿ ಸ್ಟೇಟ್ ಅಂತಾರ. ಮೊದಲ ಇಲ್ಲೆ ಆಳೆತ್ತರದ ಹುಲ್ಲು, ನಡುನಡುವ ಇಂಥಾ ಹೂವು ಇದ್ದೂವು. ಮಣ್ಣು ನಮ್ಮ ಎರಿ ಹೊಲದಂಗ ಅಂಟು, ರಂಟಿಗೆ ಹತ್ತಿ ಬಿಡ್ತಿರಲಿಲ್ಲ. 1837ರಾಗ ಇದ ರಾಜ್ಯದ ಗ್ರ್ಯಾಂಡ್ ಡಿಟೂರ್ ಊರಾಗ ಜಾನ್ ಡಿಯರ್ ಅನ್ನೂ ಕಮ್ಮಾರ ಉಕ್ಕಿನ ರಂಟಿ ಮಾಡಿದ. ಆಮ್ಯಾಲ ಹುಲ್ಲುಗಾವಲು ಹೋಗಿ ಗೋವಿನಜೋಳ ಬಂತು. ಮೊದಲಿನ ಪ್ರೇರಿ ಈಗ ಸಾವಿರದಾಗ ಒಂದು ಪಾಲೂ ಉಳಿದಿಲ್ಲ. 1996ರಿಂದ ಕಸದ ಔಷಧ ತಡಕೊಳ್ಳೂ ಸೋಯಾ ಬಂದು, ಸಾಲಿನ ನಡುವ ಉಳಿದಿದ್ದ ಮಿಲ್ಕ್‌ವೀಡೂ ಹೋತು. ಮೊನಾರ್ಕನ್ನ ಅಪಾಯದಾಗಿರೂ ಜೀವಿಗಳ ಪಟ್ಟಿಗೆ ಸೇರಸ್ಬೇಕಂತ 2024ರ ಡಿಸೆಂಬರದಾಗ ಅಮೆರಿಕಾ ಸರಕಾರದ ಇಲಾಖೆನ ಪ್ರಸ್ತಾಪ ಇಟ್ಟದ.

ಬ್ಯಾಸಿಗಿ ಕಡೀಕ ಹುಟ್ಟಿದ ಮೊನಾರ್ಕ್ ಇಲ್ಲಿಂದ 3,000 ಕಿಲೋಮೀಟರ್ ಸಮೀಪ ಹಾರಿ ಮೆಕ್ಸಿಕೋದ ಗುಡ್ಡದ ಅಡವಿಗೆ ಹೋಗ್ತದ. ಹೋದದ್ದು ಇಲ್ಲಿಗೆ ತಿರುಗಿ ಬರೂದು ಅಪರೂಪ, ಅದರ ಮಕ್ಕಳು-ಮೊಮ್ಮಕ್ಕಳು ಬರ್ತಾವ. ದಾರಿ ಯಾರೂ ಹೇಳಿಕೊಟ್ಟಿರೂದಿಲ್ಲ. ಅಷ್ಟು ದೂರದಿಂದ ಬಂದದ್ದಕ್ಕ ನಮ್ಮ ಅಂಗಳದಾಗ ಒಂದ ಎಲಿ ಸಿಗಲಿಲ್ಲಂದ್ರ ಹೆಂಗ?

ನನ್ನ ಮುಖ್ಯ ಮಾತು ಇದ. ಎಲಿಗೆ ತೂತು ಬಿದ್ರ ಗಿಡ ಕೆಟ್ಟೂ ಅಂತ ನಾವು ಬೇವಿನೆಣ್ಣಿ ಬಾಟ್ಲಿ ಹಿಡ್ಕೊಂಡು ಓಡ್ತೀವಿ. ಬದನಿಕಾಯಿ ಗಿಡಕ್ಕ ಅದು ಸರಿ, ಇದಕ್ಕ ಸರಿ ಅಲ್ಲ. ಬೇವಿನೆಣ್ಣಿ ಹೊಡದ್ರ ಸಾಯೂದು ಇದ ಹುಳ. ತೂತು ಬಿದ್ದದ್ದ ಈ ಗಿಡ ಛಲೋ ಅದ ಅನ್ನೂದಕ್ಕ ಗುರ್ತು. ಎಲ್ಲಾ ಎಲಿ ತಿಂದು ಹಾಕಿದ್ರೂ ಗಟ್ಟಿ ಬೇರಿಂದ ಮತ್ತ ಚಿಗೀತದ. ಹಳದಿ ಹೇನು ಹತ್ತಿದ್ರ (ಕಣಗಲ ಗಿಡಕ್ಕ ಹತ್ತೂದು ಅದ), ಎಲಿ ಕೆಳಗ ತತ್ತಿ ಇಲ್ಲಂತ ನೋಡಿ ನೀರು ಹೊಡೀರಿ, ಸಾಕು.

ಬಿಸಿಲು ಬೀಳೂ, ನೀರು ನಿಲ್ಲದ ಜಾಗ ಬೇಕು. ಗೊಬ್ಬರ ಬ್ಯಾಡ. ನಿಮ್ಮಲ್ಲೆ ನೀರು ನಿಲ್ತದಂದ್ರ ಗುಲಾಬಿ ಬಣ್ಣದ ಸ್ವಾಂಪ್ ಮಿಲ್ಕ್‌ವೀಡ್ ಹಚ್ಚರಿ. ಬೀಜಕ್ಕ ಥಂಡಿ ತಗಲಬೇಕು, ಅದಕ್ಕ ನವೆಂಬರದಾಗ ನೆಲಕ್ಕ ಉದುರಿಸಿ ಮ್ಯಾಲ ಚೂರು ಮಣ್ಣು ಹಾಕಿ ಬಿಡ್ರಿ. ವಸಂತದಾಗ ಎಲ್ಲಾ ಗಿಡಕ್ಕಿಂತ ತಡಾ ಚಿಗೀತದ, ಸತ್ತದಂತ ಅಗೀಬ್ಯಾಡ್ರಿ. ಬೇರು ಕೆಳಗ ಇಳೀತಿರ್ತದ, ಕಿತ್ತು ಬ್ಯಾರೆ ಕಡೆ ಹಚ್ಚಿದ್ರ ಉಳಿಯೂದು ಕಷ್ಟ. ಹೂವಿಗೆ ಎರಡು ಮೂರು ವರ್ಷ ತಡೀಬೇಕು. ನರ್ಸರಿಯಿಂದ ತರೂದಾದ್ರ ಕೀಟನಾಶಕ ಹಾಕಿ ಬೆಳೆಸಿದ್ದೇನು ಅಂತ ಕೇಳೇ ತರ್ರಿ. ಎಕ್ಕಿಯಂಗ ಇದೂ ವಿಷ, ಸಣ್ಣ ಮಕ್ಕಳ ಬಾಯಿಗೆ ಹೋಗದಂಗ ನೋಡ್ಕೋರಿ.

"ಬಾಜೂ ಮನಿಯವ್ರು ಏನಂತಾರೋ" ಅಂತ ಅಂಜೋರಿಗೆ ಹೇಳ್ತೀನಿ: ಗಿಡ ಎರಡಡಿ ಎತ್ತರ ಆಗ್ತದ, ಸುತ್ತ ನಾಲ್ಕು ಕಲ್ಲು ಇಟ್ರ ಅಲ್ಲೆ ಬೇಕಂತನ ಹಚ್ಚಿದ್ದು ಅಂತ ಎಲ್ಲಾರಿಗೂ ತಿಳೀತದ. ಜೂನ್‌ದಾಗ ಕೇಸರಿ ಹೂವು ಅರಳಿದ ಮ್ಯಾಲ ಅವ್ರ ಬಂದು ಬೀಜ ಕೇಳ್ತಾರ. ದೇವರಿಗೆ ಏರಸೂದು ಬಿಡೂದು ನಿಮಗ ಬಿಟ್ಟದ್ದು. ಹಸದು ಬಂದ ಜೀವಕ್ಕ ಇಟ್ಟದ್ದೂ ನೈವೇದ್ಯನ ಅಂತೀನಿ ನಾನು.

ನನ್ನ ಗಿಡದ ಕಾಯಿ ಒಡದಾವ, ಬೀಜ ಚೀಟಿ ಕಟ್ಟಿ ಇಟ್ಟೀನಿ. ದೀಪಾವಳಿಗೆ ಬಂದೋರು ಫರಾಳದ ಡಬ್ಬಿ ಜೊತಿ ಒಂದೊಂದು ಚೀಟಿ ಒಯ್ರಿ.