ತಾನಾಗಿ ಮಡಿಲಿಗೆ ಬಂದ ಮಗು

ದತ್ತಕದ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಅರಮನೆಗಳು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದಳು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಅದಕ್ಕೆ ಮನ್ನಣೆ ಕೊಟ್ಟದ್ದು 1867ರಲ್ಲಿ. ಅಲ್ಲೆಲ್ಲ ಕೊರತೆ ಇದ್ದದ್ದು ಮನೆತನಕ್ಕೆ. ಗದ್ದುಗೆಗೆ ವಾರಸುದಾರ ಬೇಕಿತ್ತು. ಸಾಮಾನ್ಯರ ಮನೆಯಲ್ಲೂ ಆಸ್ತಿಗೆ, ಉತ್ತರಕ್ರಿಯೆಗೆ ಒಬ್ಬ ಮಗ ಬೇಕೆಂದು ದಾಯಾದಿಗಳಲ್ಲಿ ಹುಡುಕಿ ತರುತ್ತಿದ್ದರು.

ಇದಕ್ಕೆ ತಿರುಗುಮುರುಗಾದ ದತ್ತಕ ಇನ್ನೊಂದಿದೆ. ಅಲ್ಲಿ ಕೊರತೆ ಮಗುವಿನದು. ರಸ್ತೆ ಅಪಘಾತದಲ್ಲಿ ತಂಗಿಯೂ ಅವಳ ಗಂಡನೂ ಹೋಗಿಬಿಡುತ್ತಾರೆ. 2021ರ ಕೋವಿಡ್ ಅಲೆಯಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಯಿತು. ಹನ್ನೊಂದನೆಯ ದಿನದ ಕಾರ್ಯ ಮುಗಿಯುವುದರೊಳಗೆ ‘ಮಗು ಯಾರ ಹತ್ತಿರ ಇರಬೇಕು’ ಎಂಬುದು ತೀರ್ಮಾನವಾಗಬೇಕು. ಯಾರೋ ಒಬ್ಬಳು ಅತ್ತೆ, ಯಾರೋ ಒಬ್ಬರು ದೊಡ್ಡಪ್ಪ ‘ನಮ್ಮಲ್ಲೇ ಇರಲಿ ಬಿಡಿ’ ಅನ್ನುತ್ತಾರೆ. ಸರ್ಕಾರದ ದತ್ತು ಪಟ್ಟಿಯಲ್ಲಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ, ಆ ಅವಧಿಯಲ್ಲಿ ಮನಸ್ಸನ್ನೂ ಮನೆಯನ್ನೂ ಅಣಿಗೊಳಿಸಿಕೊಳ್ಳುತ್ತಾರೆ. ಇವರಿಗೆ ಸಿಗುವುದು ಒಂದು ರಾತ್ರಿ.

ಆ ರಾತ್ರಿಯಿಂದಾಚೆಯ ಬದುಕು ಬಲು ಸಣ್ಣ ಸಂಗತಿಗಳಲ್ಲಿ ನಡೆಯುತ್ತದೆ. ನಾಲ್ಕು ವರ್ಷದ ಮಗು ನಡುರಾತ್ರಿ ಎದ್ದು ಅಮ್ಮನನ್ನು ಕೇಳುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುತ್ತದೆ. ಲಸಿಕೆಯ ಕಾರ್ಡು ಎಲ್ಲಿದೆಯೋ ಗೊತ್ತಿಲ್ಲ. ಅನ್ನಕ್ಕೆ ಮೊಸರು ಮೊದಲು ಹಾಕಬೇಕೋ ಸಾರು ಮೊದಲು ಹಾಕಬೇಕೋ ಎಂಬುದನ್ನು ಬಲ್ಲವಳು ಇಲ್ಲ. ಸಾಕುತ್ತಿರುವವಳಿಗೂ ತಂಗಿಯನ್ನು ಕಳೆದುಕೊಂಡ ದುಃಖವಿದೆ. ಅಳಲು ಅವಳಿಗೆ ಪುರುಸೊತ್ತಿಲ್ಲ. ಮಗುವಿನ ಮೇಲೆ ತನಗೆ ಮೊದಲ ದಿನವೇ ತಾಯಿಯ ಪ್ರೀತಿ ಉಕ್ಕಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುವವರೂ ಇದ್ದಾರೆ. ಅವರು ಕೊರಗಬೇಕಾಗಿಲ್ಲ. ಒದ್ದೆ ಹಾಸಿಗೆ ಬದಲಿಸುವ ಕೈಗಳ ಹಿಂದೆಯೇ ಪ್ರೀತಿಯೂ ಬರುತ್ತದೆ.

ಈ ಮಾತಿಗೆ ದೊಡ್ಡ ಸಾಕ್ಷಿ ವ್ಯಾಸಭಾರತದ ಕರ್ಣ. ಉದ್ಯೋಗಪರ್ವದಲ್ಲಿ ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳಿ, ರಾಜ್ಯವನ್ನೇ ಮುಂದೊಡ್ಡುತ್ತಾನೆ. ಕರ್ಣನ ಉತ್ತರ ಗಮನಿಸಿ. ರಾಧೆಯ ಎದೆಯಲ್ಲಿ ತನಗಾಗಿ ಹಾಲು ಉಕ್ಕಿದ್ದನ್ನು, ಅವಳು ತನ್ನ ಮಲಮೂತ್ರ ತೊಳೆದದ್ದನ್ನು, ಅಧಿರಥ ಜಾತಕರ್ಮ ಮಾಡಿಸಿ ಹೆಸರಿಡಿಸಿ ಮದುವೆ ಮಾಡಿಸಿದ್ದನ್ನು ಒಂದೊಂದಾಗಿ ಎಣಿಸುತ್ತಾನೆ. ಅವರಿಗೆ ಪಿಂಡವಿಡುವುದನ್ನು ತಪ್ಪಿಸಲಾರೆ ಅನ್ನುತ್ತಾನೆ. ಇಡೀ ಭೂಮಿಯ ಒಡೆತನದ ಎದುರು ಅವನು ಇಟ್ಟು ತೂಗಿದ್ದು ಒಬ್ಬ ಸೂತನ ಹೆಂಡತಿ ತೊಳೆದ ಬಟ್ಟೆಗಳನ್ನು. ಪಾಲನೆಯೇ ತಾಯ್ತನ ಎಂಬುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳಿದ ಮಾತು ನನಗೆ ಎಲ್ಲೂ ಸಿಕ್ಕಿಲ್ಲ.

ಪ್ರೀತಿ ಕೂಡಿಬಂದ ಮೇಲೂ ಒಂದು ಕೆಲಸ ಬಾಕಿ ಉಳಿಯುತ್ತದೆ. ನಮ್ಮ ಬಹುಪಾಲು ಮನೆಗಳು ಎಡವುವುದು ಇಲ್ಲೇ. ‘ನಮ್ಮದೇ ಮಗು, ಕಾಗದ ಯಾಕೆ’ ಅನ್ನುತ್ತಾರೆ. ಸಾಕಿದ ಮಾತ್ರಕ್ಕೆ ಮಗುವಿಗೆ ಮಗನ, ಮಗಳ ಹಕ್ಕು ಬರುವುದಿಲ್ಲ. ದೊಡ್ಡಪ್ಪ ಉಯಿಲು ಬರೆಯದೆ ತೀರಿಕೊಂಡರೆ ಇಪ್ಪತ್ತು ವರ್ಷ ಅವರ ಮನೆಯಲ್ಲಿ ಬೆಳೆದ ಹುಡುಗಿಗೆ ಮಗಳ ಪಾಲು ಇಲ್ಲ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ, ಈಗಾಗಲೇ ಮಗನಿರುವವರು ಗಂಡುಮಗುವನ್ನು, ಮಗಳಿರುವವರು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಈ ತಡೆಯಿಲ್ಲ. ಯಾವ ಧರ್ಮದವರಾದರೂ ಸರಿ. ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ, ಸೋದರತ್ತೆ, ಅಜ್ಜ-ಅಜ್ಜಿಯರು ಸಂಬಂಧಿಕರ ದತ್ತಕಕ್ಕೆ ಅರ್ಜಿ ಹಾಕಬಹುದು. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವ ಅಧಿಕಾರ ಜಿಲ್ಲಾಧಿಕಾರಿಯದು. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ. ಇದು ಬಹಳ ಒಳ್ಳೆಯ ನಿಯಮ. ಬಂಧುಗಳ ಆಸರೆಯಲ್ಲಿರುವ ಅನಾಥ ಮಕ್ಕಳಿಗೆ, ಆದಾಯದ ಮಿತಿಗೆ ಒಳಪಟ್ಟು, ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ.

ಬೀದಿಯಲ್ಲಿ, ದೇವಸ್ಥಾನದ ಜಗುಲಿಯಲ್ಲಿ ಸಿಕ್ಕಿದ ಹಸುಗೂಸಿನ ವಿಚಾರ ಬೇರೆ. ಅದನ್ನು ದೇವರು ಕೊಟ್ಟದ್ದೆಂದು ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ; 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ತಿಳಿಸಬೇಕು. ಎತ್ತಿಕೊಂಡವರಿಗೆ ಇದು ಕಠಿಣವೆನಿಸೀತು. ಎಲ್ಲೋ ಆ ಮಗುವನ್ನು ಹುಡುಕುತ್ತಿರುವ ತಾಯಿಯೊಬ್ಬಳು ಇರಬಹುದು. ಮಕ್ಕಳನ್ನು ಮಾರುವವರೂ ಇದ್ದಾರೆ. ಅದಕ್ಕಾಗಿಯೇ ಈ ಕಟ್ಟುನಿಟ್ಟು.

ನಿಮ್ಮ ಬಳಗದಲ್ಲಿ ಹೀಗೆ ಮಗುವನ್ನು ಸಾಕುತ್ತಿರುವವರು ಇದ್ದರೆ ‘ಎಂಥ ಪುಣ್ಯದ ಕೆಲಸ’ ಎಂದು ಹೊಗಳಿ ಎದ್ದುಬರಬೇಡಿ. ವಾರಕ್ಕೊಂದು ದಿನ ಮಗುವನ್ನು ನಿಮ್ಮ ಮನೆಗೆ ಕರೆದೊಯ್ಯಿರಿ, ಶಾಲೆಯ ಶುಲ್ಕದಲ್ಲಿ ಪಾಲು ಹೊರಿರಿ, ಸತ್ತವರ ಫೋಟೊಗಳನ್ನು ಹುಡುಕಿ ಕೊಡಿ. ಮಗು ‘ಅಮ್ಮ’ ಅನ್ನಲಿ, ‘ಅತ್ತೆ’ ಅನ್ನಲಿ, ಅದರ ಇಷ್ಟಕ್ಕೆ ಬಿಡಿ. ಮತ್ತು ಅವರ ಜೊತೆ ನೀವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಚೇರಿಗೆ ಹೋಗಿ ಬನ್ನಿ. ಮಗುವಿಗೆ ಮನೆ ಸಿಕ್ಕಿದೆ. ಆ ಮನೆಯಲ್ಲಿ ಹಕ್ಕೂ ಸಿಗಲಿ.